ಒಂದು ಬೋಲ್ಟ್ ಕಡಿಮಿ

ಹೋದ ವರ್ಷ ಮೇ ತಿಂಗಳದಾಗ ನಮ್ಮ ಮಾವನವರು ಹುಬ್ಬಳ್ಳಿಯಿಂದ ಒಬ್ಬರ ಬಂದ್ರು. ಅತ್ತೆಯವರೂ ಬರೋರಿದ್ರು ಖರೆ, ಆದ್ರ ನಮ್ಮ ನಾದಿನಿ ಬಾಣಂತನ ಬಿಟ್ಟ ಬರೋ ಹಂಗ ಇದ್ದಿದ್ದಿಲ್ಲಾ. "ನಾ ಕೂಸಿನ್ನ ನೋಡ್ಲೋ ಇವರನ್ನ ನೋಡ್ಲೋ, ಮೂರ ತಿಂಗಳ ನೀವ ಸಂಭಾಳಿಸ್ರಿ" ಅಂತ ಕಳಿಸೇಬಿಟ್ರು. ಸಂಭಾಳಿಸ್ರಿ ಅಂದಿದ್ದಕ್ಕ ಕಾರಣ ಇತ್ತು. ಮಾವನವರಿಗೆ ಈಚೀಚೆಗೆ ಸ್ವಲ್ಪ ಮರವು. ಒಮ್ಮೆ ಗ್ಯಾಸ್ ಹಚ್ಚಿ ಹಂಗ ಬಿಟ್ಟು ವಾಕಿಂಗ್ ಹೋಗಿದ್ರಂತ. ಕೇಳಿದ್ದನ್ನ ಮತ್ತ ಕೇಳ್ತಾರ. ಯಾರೂ ಅದನ್ನ ಅವರ ಮುಂದ ಆಡಿದ್ದಿಲ್ಲಾ.

ನಾವಿರೋದು ಮಿಶಿಗನ್ನಿನ್ಯಾಗ, ಡೆಟ್ರಾಯ್ಟ್ ಮಗ್ಗಲ. ನಮ್ಮನಿಯವರಿಗೆ ಒಂದ ಚಟ, 2016ರ ಮಸ್ಟಾಂಗ್ ಜಿಟಿ. ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಅದರಾಗ 5 ಲೀಟರಿನ ವಿ-8 ಇಂಜಿನ್, 435 ಹಾರ್ಸ್‌ಪವರ್. ಒಂದ ಮನಿಗೆ 435 ಕುದುರಿ ಸಾಲೋದಿಲ್ಲೇನ್ರಿ? ಇವರಿಗೆ ಸಾಲಲಿಲ್ಲಾ. ನಾ ಅಡಗಿಮನಿ ಕಟ್ಟಿ ಬದಲಾಯಿಸ್ಲಿಕ್ಕೆ ಅಂತ ಎರಡ ವರ್ಷ ಕೂಡಿಸಿದ್ದ ರೊಕ್ಕದಾಗ ಸುಪರ್‌ಚಾರ್ಜರ್ ಕಿಟ್ ಬಂತು. ಹೆಣದ ಪೆಟಗಿಯಷ್ಟ ದೊಡ್ಡ ಡಬ್ಬಿ. ನಾ ನಾಲ್ಕ ದಿವಸ ಮಾತ ಬಿಟ್ಟಿದ್ದೆ.

ಮಾವನವರಿಗೆ ಮೊದಲ ತಿಳಿಲಿಲ್ಲಾ. ಈ ಗಾಡಿ ತಯಾರಾಗೋದು ಫ್ಲ್ಯಾಟ್ ರಾಕಿನ್ಯಾಗ, ನಮ್ಮನಿಯಿಂದ ಒಂದ ತಾಸಿನ ದಾರಿನೂ ಇಲ್ಲಾ. "ಅಲ್ಲೋ, ಮಗ್ಗಲದಾಗ ಮಾಡ್ತಾರ ಅಂತಿ, ಏನ ಬೇಕೋ ಅವರ ಕಡೇನ ಹಾಕಿಸ್ಕೋಬಾರದಿತ್ತ?" ಅಂದ್ರು. ಆಮ್ಯಾಲೆ ಡಬ್ಬಿ ಬಿಚ್ಚಿ ಒಳಗಿನ ಎರಡ ರೋಟರ್ ನೋಡಿದ ಮ್ಯಾಲೆ ಮನಷ್ಯಾನ ಬ್ಯಾರೆ ಆದ್ರು. ಹುಬ್ಬಳ್ಳಿ ಬಸ್ ವರ್ಕಶಾಪಿನ್ಯಾಗ 34 ವರ್ಷ ಕೈ ಕರ್ರಗ ಮಾಡ್ಕೊಂಡವರು ಅವರು. ಬಂದಾಗಿಂದ ಕಿಡಕಿ ಮುಂದ ಕೂತು ಅಳಿಲು ಎಣಿಸ್ತಿದ್ದವರು ಅವತ್ತ ಪಂಚೆ ಬಿಚ್ಚಿ ಪ್ಯಾಂಟ್ ಹಾಕ್ಕೊಂಡು ಗ್ಯಾರೇಜಿಗೆ ಇಳದ್ರು.

ನಂಗ ತಿಳಿಸಿ ಹೇಳಿದ್ದೂ ಅವರ. "ಒಲಿ ಊದೋ ಕೊಳವಿ ಇರ್ತದಲ್ಲಾ, ಹಂಗ. ಹೆಚ್ಚ ಗಾಳಿ ಹೋತು ಅಂದ್ರ ಹೆಚ್ಚ ಎಣ್ಣಿ ಉರಸಬಹುದು, ಹೆಚ್ಚ ಶಕ್ತಿ. ಟರ್ಬೋ ಅಂದ್ರ ಹೊರಗ ಹೋಗೋ ಹೊಗಿಯಿಂದ ತಿರಗ್ತದ, ದಂಡಾಗೋದನ್ನ ಬಳಸೋದು. ಇದು ಇಂಜಿನ್ನಿನ ಬೆಲ್ಟಿನಿಂದನ ತಿರಗ್ತದ. ನಿನ್ನ ಕಿಸೆದಾಗಿಂದ ಹತ್ತ ತೊಗೊಂಡು ನಿನಗ ಮೂವತ್ತ ಕೊಟ್ಟಂಗ." ಗಾಳಿ ಒತ್ತಿದ್ರ ಕಾಯ್ತದ, ಸೈಕಲ್ ಪಂಪಿನ ಬುಡ ಬಿಸಿ ಆಗೋ ಹಂಗ. ಕಾದ ಗಾಳಿ ಒಳಗ ಹೋದ್ರ ಪೆಟ್ರೋಲ್ ಹೊತ್ತಬಾರದ ಹೊತ್ತಿಗೆ ಹೊತ್ತಿ ಪಿಸ್ಟನ್ ಒಡಿತದ. ಅದಕ್ಕ ಆ ಗಾಳಿ ತಣ್ಣಗ ಮಾಡ್ಲಿಕ್ಕೆ ಬ್ಯಾರೆ ನೀರು, ಬ್ಯಾರೆ ಪಂಪು, ಮುಂದ ಒಂದ ಬ್ಯಾರೆ ರೇಡಿಯೇಟರ್. ಅಂದ್ರ ಮುಂದಿನ ಬಂಪರನ್ನೂ ಕಳೀಬೇಕು. ಆ ಬಂಪರ್ ಗೆರಿ ಬೀಳಬಾರದು ಅಂತ ಅತ್ತೆಯವರು ಹೊಲದ ಕೌದಿ ಹಾಸಿ ಮಂಚದ ಮ್ಯಾಲೆ ಮಲಗಿಸಿದ್ರು. ನನ್ನ ಹಿಟ್ಟ ನಾದೋ ಪರಾತದಾಗ ಕೂಲಂಟ್ ಇಳಿಸಿದ್ರು. ಅದು ವಿಷ, ಪರಾತ ಕಸಕ್ಕ ಹೋತು.

ಈ ಊದೋ ಮಷೀನು ಮೊದಲ ಹುಟ್ಟಿದ್ದು ಕಾರಿಗಲ್ಲಂತ. ಇಲ್ಲೇ ಮಗ್ಗಲ ಇಂಡಿಯಾನಾದಾಗ ರೂಟ್ಸ್ ಅನ್ನೋ ಅಣ್ಣ ತಮ್ಮ 1860ರಾಗ ಪೇಟೆಂಟ್ ತೊಗೊಂಡಿದ್ದು, ಆಮ್ಯಾಲೆ ಕಬ್ಬಿಣದ ಕುಲುಮಿಗೆ ಗಾಳಿ ಊದ್ಲಿಕ್ಕೆ ಉಪಯೋಗ ಆತು. ಮುಂದ ಜನರಲ್ ಮೋಟಾರ್ಸಿನವರು ಬಸ್ಸಿನ, ಲಾರಿಯ ಡೀಸಲ್ ಇಂಜಿನ್ನಿಗೆ ಅಂಥಾ ಬ್ಲೋವರ್ ಕೂಡಿಸಿದ್ರು. ರೇಸಿನ ಹುಚ್ಚರು ಗುಜರಿ ಬಸ್ಸಿನಿಂದ ಅದನ್ನ ಬಿಚ್ಚಿ ತಮ್ಮ ಕಾರಿಗೆ ಹಾಕ್ಕೊಂಡ್ರಂತ. ಇದನ್ನ ನಮ್ಮನಿಯವರು ಹೇಳಿದಾಗ ಮಾವನವರ ಮಾರಿ ನೋಡಬೇಕಿತ್ತು. "ಅಂದ್ರ ಬಸ್ಸಿನ ಸಾಮಾನ ಅನ್ನು!"

ಹೊಸಾ ಬ್ಲೋವರ್ ಕೂಡೋ ಜಾಗಾದಾಗ ಮೊದಲ ಪ್ಲಾಸ್ಟಿಕ್ಕಿನ ಇನ್‌ಟೇಕ್ ಮ್ಯಾನಿಫೋಲ್ಡ್ ಇರ್ತದ. ಇವರು ಬೋಲ್ಟ್ ಸಡ್ಲಿಸೋದು, ಮಾವನವರು ಮಫಿನ್ ಮಾಡೋ ತಾಟಿನ ಕುಣಿಯೊಳಗ ಒಂದೊಂದ ಹಾಕಿ "ಎಡ", "ಬಲ", "ಮುಂದ" ಅಂತ ಕನ್ನಡದಾಗ ಚೀಟಿ ಅಂಟಸೋದು. ಮ್ಯಾನಿಫೋಲ್ಡ್ ಎತ್ತಿದ್ರ ಕೆಳಗ ಎಂಟ ತೆರದ ಬಾಯಿ, ಸೀದಾ ಇಂಜಿನ್ ಹೊಟ್ಟಿಗೆ. ಕೂಡ್ಲೆ ನೀಲಿ ಟೇಪ್ ಹಚ್ಚಿ ಮುಚ್ಚಿದ್ರು. ಎಲ್ಲಾ ಆದಮ್ಯಾಲೆ ಎಣಿಸಿದ್ರ ಒಂದ ಬೋಲ್ಟ್ ಕಡಿಮಿ.

ಆ ಬೋಲ್ಟ್ ಇನ್ನ ಬೇಕಾಗಿದ್ದಿಲ್ಲಾ, ಬ್ಲೋವರಿಗೆ ಕಿಟ್ಟಿನ್ಯಾಗ ಬ್ಯಾರೇನ ಬಂದಿದ್ವು. ಪ್ರಶ್ನೆ ಅದು ಎಲ್ಲಿ ಹೋತು ಅನ್ನೋದು. ಎತ್ತೋ ಮುಂದ ಬಾಯಿಯೊಳಗ ಬಿದ್ದಿದ್ರ, ಚಾಲೂ ಮಾಡಿದ ಕೂಡ್ಲೆ ವಾಲ್ವು, ಪಿಸ್ಟನ್ನು ಎಲ್ಲಾ ಹೋತು, ಇಂಜಿನ್ನ ಹೋತು. ನೆಲಾ ಹುಡಕಿದ್ರು, ಅಯಸ್ಕಾಂತ ಇಳಿಸಿದ್ರು. "ನನ್ನ ಕೈಗೆ ಕೊಟ್ಟಿದ್ದೆಲ್ಲಾ ಇಲ್ಲೇ ಅವ. ಆ ಬೋಲ್ಟ್ ನನ್ನ ಕೈಗೆ ಬಂದೇ ಇಲ್ಲಾ" ಅಂದ್ರು ಮಾವನವರು.

"ನಾ ಕೊಟ್ಟೇನಿ ಅಪ್ಪಾ."

"ಇಲ್ಲೋ."

"ನಿಮಗ ನೆನಪ ಎಲ್ಲಿರ್ತದ ಅಪ್ಪಾ? ಮುಂಜಾನೆ ಗುಳಗಿ ತೊಗೊಂಡಿದ್ದ ನೆನಪಿರೋದಿಲ್ಲಾ!"

ನಾ ಚಹಾ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಮಾವನವರು ಏನೂ ಅನ್ಲಿಲ್ಲಾ. ಕೈ ಒರಸ್ಕೊಂಡು ಮ್ಯಾಲೆ ಹೋದ್ರು. ರಾತ್ರಿ ಮಜ್ಜಿಗಿ ಅನ್ನ ಎರಡ ತುತ್ತ ತಿಂದು ಎದ್ದ ಬಿಟ್ರು. ನಾ ಇವರಿಗೆ ಬೈದ ಬೈಗುಳ ಇಲ್ಲೆ ಬರಿಯೋದು ಬ್ಯಾಡ. ಇವರೂ ತಿರುಗಿ ಮಾತಾಡ್ಲಿಲ್ಲಾ. ಬಾಯಿಂದ ಹೋದಮ್ಯಾಲೆ ತಿಳದಿತ್ತು, ಬೋಲ್ಟ್ ಅಲ್ಲಾ ಮುಚ್ಚಿಟ್ಟ ಮಾತು ಬಿದ್ದದ ಅಂತ.

ಮರುದಿವ್ಸ ಬಳ್ಳಿ ಹಂಗಿರೋ ಒಂದ ಕ್ಯಾಮೆರಾ ತರಿಸಿದ್ರು. ಎಂಟೂ ಬಾಯಿಯೊಳಗ ಬಿಟ್ಟು ನೋಡಿದ್ರು. ವಾಲ್ವ್ ತೆರದಿದ್ದ ಕಡೆ ಬೋಲ್ಟ್ ಸೀದಾ ಸಿಲಿಂಡರಿಗೇ ಇಳದಿರಬಹುದು ಅಂತ ಪ್ಲಗ್ ಬಿಚ್ಚಿ ಅಲ್ಲಿಂದನೂ ನೋಡಿದ್ರು. ಏನೂ ಇಲ್ಲಾ. ಆದ್ರ ಕಾಣ್ಲಿಲ್ಲಾ ಅಂದ್ರ ಇಲ್ಲಾ ಅಂತ ಧೈರ್ಯ ಹೆಂಗ ಮಾಡೋದು? ಮತ್ತ ಮೂರ ದಿವಸ ಗಾಡಿ ಹಂಗ ಬಾಯಿ ಮುಚ್ಕೊಂಡ ನಿಂತಿತ್ತು, ಮನಿಯವರೂ ಹಂಗ. ಮಾವನವರು ಮತ್ತ ಅಳಿಲು ಎಣಿಸ್ಲಿಕತ್ರು. ನನ್ನ ಕಾರಿನ್ಯಾಗ ಇವರ ಆಫೀಸು, ಮಗಳ ಸಾಲಿ, ಈಜು ಕ್ಲಾಸು, ಎಲ್ಲಾ ನಾನ.

ನಾಲ್ಕನೇ ದಿವ್ಸ ಐದು ಗಂಟೆಕ್ಕ ಕೆಳಗ ಸಪ್ಪಳಾತು. ಗ್ಯಾಸ್ ನೆನಪಾಗಿ ಓಡಿ ಇಳದೆ. ಮಾವನವರು ಬೇಸ್‌ಮೆಂಟಿನ್ಯಾಗ, ಅಕ್ಕಿ ಚೀಲದ ಮಗ್ಗಲ ಸುತ್ತಿಟ್ಟಿದ್ದ ಹಳೇ ಮ್ಯಾನಿಫೋಲ್ಡ್ ತೊಡಿಮ್ಯಾಲೆ ಇಟ್ಕೊಂಡು ಕೂತಿದ್ರು. ಅದರ ಒಂದ ತೂತಿನ್ಯಾಗ, ಹಿಂದಿನ ಮೂಲಿಗೆ, ಬೋಲ್ಟ್ ಹಂಗ ಕಚ್ಕೊಂಡಿತ್ತು. ಸಡ್ಲಾಗಿತ್ತು, ಹೊರಗ ಬಂದಿದ್ದಿಲ್ಲಾ. ಇವರು ಅದನ್ನ ಕೈಯಾಗ ತೊಗೊಂಡೇ ಇದ್ದಿದ್ದಿಲ್ಲಾ.

ಇವರು ಎದ್ದ ಬರೋದ್ರಾಗ ಚಹಾದ ಬಶಿಯೊಳಗ ಬಿಸ್ಕೀಟಿನ ಮಗ್ಗಲ ಆ ಬೋಲ್ಟ್ ಇತ್ತು. ಇಟ್ಟವರು ಪೇಪರ್ ಓದೋರಂಗ ಫೋನ್ ನೋಡ್ಲಿಕತ್ತಿದ್ರು. ಇವರು ಬಹಳ ಹೊತ್ತ ಅದನ್ನ ನೋಡಿದ್ರು. ತಪ್ಪಾತು ಅಂತ ಅಂದ್ರೇನ್ರಿ? ಇಲ್ಲಾ. ನಮ್ಮ ಮನಿ ಗಂಡಸರು ಅದನ್ನ ಕಲತಿಲ್ಲಾ. "ಅಪ್ಪಾ, ಇವತ್ತ ಟಾರ್ಕ್ ರೆಂಚ್ ನೀವ ಹಿಡೀರಿ" ಅಂದ್ರು.

ಬ್ಲೋವರ್ ಇಬ್ಬರಿಗೆ ಎತ್ತೋದು ಭಾರ, ನಾನೂ ಕೈ ಹಚ್ಚಿದೆ. ಕೂಡಿಸಿದ ಮ್ಯಾಲೆ ಬೋಲ್ಟನ್ನ ನಡುವಿನಿಂದ ಹೊರಗ, ಒಂದ ಎಡಕ್ಕ ಒಂದ ಬಲಕ್ಕ, ಸ್ವಲ್ಪ ಸ್ವಲ್ಪ ಬಿಗೀತಾ ಹೋಗಬೇಕಂತ. ಬಿಗಿ ಸರಿ ಆದ ಕೂಡ್ಲೆ ರೆಂಚ್ ಟಿಕ್ ಅಂತದ. ಮಾವನವರಿಗೆ ಕಿವಿ ಮಂದ, ಟಿಕ್ ಕೇಳಸ್ಲಿಲ್ಲಾ. ಆದ್ರ ಪ್ರತಿ ಸಲ ಬರೋಬ್ಬರಿ ಅಲ್ಲೇ ನಿಂದ್ರತಿತ್ತು ಕೈ.

ಹದಿನೈದ ತಾಸಿನ ಕೆಲಸ ಅಂತ ಶುರು ಮಾಡಿದ್ದು ಹನ್ನೊಂದನೇ ದಿವ್ಸ ಮುಗೀತು. ಇಂಜೆಕ್ಟರ್, ಬೆಲ್ಟು, ನೀರಿನ ಗುಳ್ಳಿ ತಗಿಯೋದು, ಆಮ್ಯಾಲೆ ಲ್ಯಾಪ್‌ಟಾಪ್ ಹಚ್ಚಿ ಗಾಡಿ ಕಂಪ್ಯೂಟರಿಗೆ ಹೊಸಾ ಲೆಕ್ಕಾ ಕಲಿಸೋದು. ಚಾಲೂ ಆದಾಗ ಆಜೂಬಾಜೂ ಮನ್ಯಾಗ ಯಾರೋ ಮಿಕ್ಸರ್ ಹಚ್ಚಿದಂಗ ಒಂದ ಸಣ್ಣ ಸೀಟಿ. ಇವರು ಕುಣೀಲಿಕತ್ರು. ಮಾವನವರು ಕೆಳಗ ಬಗ್ಗಿ ಪೈಪಿನ ಕ್ಲಿಪ್ಪಿಗೆ ಬೆರಳ ಹಚ್ಚಿ, "ಬಂದ್ ಮಾಡು, ಇಲ್ಲೆ ನೀರ ಜಿನುಗ್ತದ" ಅಂದ್ರು.

ಈಗ ಅದಕ್ಕ 600ರ ಮ್ಯಾಲೆ ಕುದುರಿ ಅವಂತ, 93 ಆಕ್ಟೇನ್ ಪೆಟ್ರೋಲನ್ನ ಕುಡಿಸ್ತಾರ. ಮೊದಲನೇ ಸಲ ಹೈವೇಕ್ಕ ಹೋಗಿ ಬಂದು ಮಾವನವರು "ನಮ್ಮ ಡಿಪೋ ಮ್ಯಾನೇಜರ್ ನೋಡಿದ್ರ ಇಂವನ್ನ ಸಸ್ಪೆಂಡ್ ಮಾಡ್ತಿದ್ದಾ" ಅಂದ್ರು. ಆಗಸ್ಟಿನ್ಯಾಗ ವುಡ್‌ವರ್ಡ್ ರಸ್ತೆದಾಗ ಹಳೇ ಕಾರಿನ ಮೆರವಣಗಿ ಆಗ್ತದ, ಅಲ್ಲೆ ಬಾನೆಟ್ ಹರಕೊಂಡು ಮ್ಯಾಲೆ ಬಂದಿದ್ದ ಒಂದ ಬಸ್ಸಿನ ಬ್ಲೋವರ್ ಸಿಕ್ತು. ಅದರ ಮಾಲಕನ ಜೊತಿ ಮಾವನವರು ಅರ್ಧಾ ತಾಸ ಮಾತಾಡಿದ್ರು. ಅವಂಗ ಕನ್ನಡ ಬರ್ತಿದ್ದಿಲ್ಲಾ.

ಈಗ ಹುಬ್ಬಳ್ಳಿಗೆ ಹೋಗ್ಯಾರ. ರವಿವಾರಕ್ಕೊಮ್ಮೆ ಫೋನ್ ಬರ್ತದ. ಮೊನ್ನೆ "ಬೆಲ್ಟಿನ ಬಿಗಿ ನೋಡಿದಿ ಏನೋ?" ಅಂತ ಕೇಳಿದ್ರು. ಇವರು ನೋಡೇನಿ ಅಂದ್ರು. ಮೊಮ್ಮಗನ ಸುದ್ದಿ, ಮಳಿ ಸುದ್ದಿ ಆತು. ಐದು ನಿಮಿಷಕ್ಕ ಮತ್ತ, "ಬೆಲ್ಟಿನ ಬಿಗಿ ನೋಡಿದಿ ಏನೋ?" ಇವರು ಫೋನ್ ಹಿಡಕೊಂಡ ಗ್ಯಾರೇಜಿಗೆ ಹೋಗಿ, ಬಾನೆಟ್ ಎತ್ತಿ, "ಈಗ ನೋಡ್ಲಿಕತ್ತೇನಿ ಅಪ್ಪಾ, ಹೇಳ್ರಿ" ಅಂದ್ರು.