ಇಳಿಜಾರಿನ ಲೆಕ್ಕ



ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. "ಎಲ್ಲಿ ಹೋದ್ರಿ ಸರ್" ಅಂತ ಸುಮಾರು ಜನ ಕೇಳಿದ್ರು. ಎಲ್ಲೂ ಹೋಗಿಲ್ಲ, ಮನೆ ಕಟ್ಟೋ ಲೆಕ್ಕದಲ್ಲಿ ಮುಳುಗಿದ್ದೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೂಡಿಗೆರೆ ಕಡೆಯ ಒಂದು ಕಾಲೋನಿಯಲ್ಲಿ ನಮಗೊಂದು 30×40 ಸೈಟಿದೆ. ಹಕ್ಕುಪತ್ರ ಅವ್ವನ ಹೆಸರಲ್ಲಿದೆ. ಅಪ್ಪ, ಅವ್ವ ಇಬ್ಬರೂ ಕಾಫಿ ತೋಟದ ಲೈನ್ ಮನೆಯಲ್ಲೇ ಬದುಕು ಕಳೆದವರು. ಅಪ್ಪ ಅಲ್ಲಿಂದಲೇ ಹೋದ. ಊರಲ್ಲಿ ಸಮತಟ್ಟಾಗಿದ್ದ ಜಾಗ ಎಂದೋ ಯಾರದ್ದೋ ಗದ್ದೆ ಆಗಿತ್ತು, ಅದರ ಮೇಲಿನದು ತೋಟ ಆಗಿತ್ತು. ಉಳಿದದ್ದು ಗುಡ್ಡದ ಪಕ್ಕೆ. ಅದನ್ನು ಹಗ್ಗ ಹಿಡಿದು ಅಳೆದು ನಮ್ಮ ಜನಕ್ಕೆ ಹಂಚಿದರು. ಕಾಗದದಲ್ಲಿ 1,200 ಚದರಡಿ. ಕಾಗದಕ್ಕೆ ಇಳಿಜಾರು ಗೊತ್ತಾಗಲ್ಲ.

ಮೇಸ್ತ್ರಿ ಪೈಪಿಗೆ ನೀರು ತುಂಬಿ ಲೆವೆಲ್ ಹಿಡಿದಾಗ ನಮಗೆ ಗೊತ್ತಾಯ್ತು. ರಸ್ತೆಯಿಂದ ಹಿಂದಿನ ಗಡಿವರೆಗೆ 40 ಅಡಿಯಲ್ಲಿ 9 ಅಡಿ ಏರು.

ಜೆಸಿಬಿಯವನು "ಒಂದು ದಿನ ಕೊಡಿ ಅಣ್ಣಾ, ಟೇಬಲ್ ಥರ ಮಾಡಿಕೊಡ್ತೀನಿ" ಅಂದ. ಅಗ್ಗದ ಮಾತು. ಆದರೆ ಮನೆ ಬೆನ್ನಿಗೆ 9 ಅಡಿ ನೆಟ್ಟಗಿನ ಧರೆ ನಿಲ್ಲುತ್ತೆ. 2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಅಂಥ ಧರೆ ಕೆಳಗೆ ನಿದ್ದೆ ಬರಲ್ಲ. ಆ ಧರೆಗೆ ಸೈಜುಗಲ್ಲಿನ ತಡೆಗೋಡೆ ಕಟ್ಟೋಕೆ ಎಷ್ಟಾಗುತ್ತೆ ಅಂತ ಕೇಳಿದೆ. ಮೇಸ್ತ್ರಿ "ಎರಡು ಲಕ್ಷಕ್ಕೆ ಕಮ್ಮಿ ಇಲ್ಲ" ಅಂದರು. ನಮಗೆ ಮಂಜೂರಾಗಿರೋ ವಸತಿ ಸಹಾಯಧನ ಪೂರ್ತಿ ಸೇರಿಸಿದರೂ 1.75 ಲಕ್ಷ. ಅಂದರೆ ಸರ್ಕಾರ ಕೊಡೋ ಇಡೀ ಮನೆ ದುಡ್ಡು ಒಂದು ಗೋಡೆಗೂ ಸಾಲಲ್ಲ.

ಹಿಂದೆ ಅಗೆದ ಮಣ್ಣನ್ನು ಮುಂದೆ ತುಂಬಿಸಿ ಅದರ ಮೇಲೆ ಪಾಯ ಹಾಕೋದು ಇನ್ನೊಂದು ದಾರಿ. ಅದೂ ಬೇಡ. ತುಂಬಿದ ಮಣ್ಣು ಮಳೆ ಕುಡಿದು ಕೂರುತ್ತೆ, ಗೋಡೆ ಬಾಯಿ ಬಿಡುತ್ತೆ. ಕಾಲೋನಿಯಲ್ಲಿ ಒಂದು ಸುತ್ತು ಬಂದರೆ ಅಂಥ ಗೋಡೆಗಳು ಸಿಗುತ್ತವೆ.

ನಮ್ಮ ಸಂಘಟನೆಯ ತಮ್ಮನೊಬ್ಬ ಡಿಪ್ಲೊಮಾ ಸಿವಿಲ್ ಓದಿದ್ದಾನೆ. ಅವನು ಗುಡ್ಡವನ್ನು ಕಡಿಯದೆ ಮನೆಯನ್ನೇ ಎರಡು ಮೆಟ್ಟಿಲು ಮಾಡಿ ನಕ್ಷೆ ತಂದ. ಮುಂದೆ ಹಾಲು, ಮೂರೂವರೆ ಅಡಿ ಮೇಲೆ ಅಡುಗೆಮನೆ, ರೂಮು. ನನಗಂತೂ ಬಹಳ ಹಿಡಿಸ್ತು. ಅವ್ವ ನಕ್ಷೆ ನೋಡಿ ಒಂದೇ ಮಾತು ಕೇಳಿದಳು.

"ಮೂವತ್ನಾಲ್ಕು ವರ್ಷ ತೋಟದಾಗೆ ಏರು ಹತ್ತಿ ಇಳಿದೆ ಕಣಪ್ಪ. ಮನೆ ಒಳಗೂ ಹತ್ತಬೇಕಾ?"

ಸಮಾನತೆ ಬಗ್ಗೆ ಊರೂರು ಸುತ್ತಿ ಭಾಷಣ ಮಾಡಿದವನು ನಾನು. ಅವ್ವನ ಮಂಡಿ ನನಗೆ ಹೊಳೆದಿರಲಿಲ್ಲ.

ನಕ್ಷೆ ಮತ್ತೆ ಬದಲಾಯ್ತು. ಅವ್ವನಿಗೆ ಬೇಕಾದ್ದೆಲ್ಲ, ಅಂದರೆ ಹಾಲು, ಅಡುಗೆಮನೆ, ಒಂದು ರೂಮು, ಕಕ್ಕಸು-ಬಚ್ಚಲು, ಕೆಳಗಿನ ಹಂತದಲ್ಲೇ ಸಮನೆಲದಲ್ಲಿ ಬಂತು. ಅಳತೆ 24×16. ಮುಂದೆ ಎರಡಡಿ ಎತ್ತರಿಸಿ, ಹಿಂದೆ ಎರಡೂವರೆ ಅಡಿ ಮಾತ್ರ ಅಗೆಯೋದು. ಮೇಲಿನ ಹಂತದಲ್ಲಿ ಮುಂದೊಂದು ದಿನ ಮಕ್ಕಳಿಗೆ ಮತ್ತು ಪುಸ್ತಕಕ್ಕೆ ರೂಮು. ಬಾಬಾಸಾಹೇಬರು ದಾದರಿನ ರಾಜಗೃಹವನ್ನು ಪುಸ್ತಕಗಳಿಗೆ ಜಾಗ ಇಟ್ಟೇ ಕಟ್ಟಿಸಿದರು. ನಮ್ಮದು ಸದ್ಯಕ್ಕೆ ಜಾಗ ಮಾತ್ರ, ಗೋಡೆ ಆಮೇಲೆ.

"ವಾಸ್ತು ನೋಡ್ಸಿದ್ರಾ?" ಅಂತ ಕೇಳಿದವರಿದ್ದಾರೆ. ನೀರು ನೋಡ್ಸಿದ್ದೀವಿ. ಪುಷ್ಯ ಮಳೆಯಲ್ಲಿ ಛತ್ರಿ ಹಿಡಿದು ಅರ್ಧ ದಿನ ಸೈಟಲ್ಲಿ ನಿಂತು, ಮೇಲಿನ ತೋಟದ ನೀರು ಎಲ್ಲಿ ಇಳಿಯುತ್ತೆ ಅಂತ ಗೂಟ ಹೊಡೆದು ಬಂದಿದ್ದೀವಿ. ಅದೇ ಗೂಟದ ಸಾಲಲ್ಲಿ ಮನೆ ಹಿಂದೆ ಚರಂಡಿ.

ಈಗ ದುಡ್ಡು. ಸಹಾಯಧನ 1.75 ಲಕ್ಷ, ಅವ್ವನ ಪಿಎಫ್ 2.10, ನಾನೂ ತಮ್ಮನೂ ಕೂಡಿಟ್ಟಿದ್ದು 2.40, ಅವ್ವನ ಸಂಘದ ಸಾಲ 1 ಲಕ್ಷ. ಒಟ್ಟು 7.25 ಲಕ್ಷ.

ಖರ್ಚು ಹೀಗೆ:
ಅಗೆತ, ಪಾಯ, ಸಣ್ಣ ತಡೆಗೋಡೆ, ಚರಂಡಿ – 2.35
ಗೋಡೆ, ಮೋಲ್ಡ್ – 3.10
ಬಾಗಿಲು, ಕಿಟಕಿ, ವೈರಿಂಗ್, ನೀರು, ಕಕ್ಕಸು – 1.20
ಜಗಲಿ – 0.30
ಕೈಮೀರಿದರೆ ಅಂತ – 0.30

ಕೊನೆಯ ಸಾಲು ನೋಡಿ ನನಗೇ ಭಯ ಆಗುತ್ತೆ. ಹತ್ತಕ್ಕೊಂದು ಭಾಗ ತೆಗೆದಿಡಬೇಕು ಅಂತಾರೆ, ನಮ್ಮದು ಅದರ ಅರ್ಧವೂ ಇಲ್ಲ.

ಮೊದಲ ಸಾಲನ್ನೂ ನೋಡಿ. 2.35 ಲಕ್ಷ ನೆಲದಲ್ಲೇ ಹೋಯ್ತು. ಸಮನೆಲದಲ್ಲಾಗಿದ್ದರೆ ಇದೇ ಮನೆಗೆ ಅದರ ಅರ್ಧ ಸಾಕಿತ್ತು ಅಂತಾರೆ ಮೇಸ್ತ್ರಿ. ಸಹಾಯಧನದ ಮೊದಲ ಕಂತು ಬರೋದು ಪಾಯ ಮುಗಿದು ಫೋಟೋ ತೆಗೆದ ಮೇಲೆ. ಇಳಿಜಾರಲ್ಲಿ ಅತಿ ಹೆಚ್ಚು ದುಡ್ಡು ತಿನ್ನೋದೇ ಪಾಯ. ಅವ್ವನ ಪಿಎಫ್ ಇತ್ತು, ನಾವು ಬಚಾವಾದ್ವಿ. ಅದಿಲ್ಲದವರು ನೂರಕ್ಕೆ ಐದರ ಬಡ್ಡಿಗೆ ತರ್ತಾರೆ, ಇಲ್ಲಾಂದ್ರೆ ಪಾಯದ ಆಳ ಕಮ್ಮಿ ಮಾಡ್ತಾರೆ. ನಮ್ಮ ಸಾಲಲ್ಲೇ ಮೂರು ಮನೆ ಪಾಯಕ್ಕೆ ನಿಂತು ಗಿಡ ಬೆಳೆದಿದೆ. ನೋಡಿದವರು "ದುಡ್ಡು ಕೊಟ್ರೂ ಮನೆ ಕಟ್ಕೊಳಲ್ಲ ಇವ್ರು" ಅಂತಾರೆ. ಆ ಮಾತು ಆಡೋ ಮೊದಲು ಒಮ್ಮೆ ಲೆವೆಲ್ ಪೈಪ್ ಹಿಡಿದು ನೋಡಿ.

ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲಿಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ. ಗುಡ್ಡದಲ್ಲಿ ಖರ್ಚು ಜಾಸ್ತಿ ಅಂತ ಸರ್ಕಾರವೇ ಒಪ್ಪಿದೆ. ಆದರೆ ಕರ್ನಾಟಕ ಗುಡ್ಡಗಾಡು ರಾಜ್ಯ ಅಲ್ಲವಲ್ಲ, ಹಾಗಾಗಿ ನಮ್ಮ ಕಾಲೋನಿ ಲೆಕ್ಕದಲ್ಲಿ ಬಯಲು! ಆದ್ದರಿಂದ ನಮ್ಮ ಬೇಡಿಕೆ ಎರಡೇ. ಇಳಿಜಾರು ಸೈಟಿಗೆ ತಡೆಗೋಡೆ, ಚರಂಡಿ ಖರ್ಚು ಪ್ರತ್ಯೇಕವಾಗಿ ಕೊಡಲಿ. ಮೊದಲ ಕಂತು ಪಾಯಕ್ಕೆ ಮುಂಚೆ ಬರಲಿ. ಕಾಲೋನಿಯ ಸೈಟುಗಳ ಏರಿಳಿತವನ್ನೆಲ್ಲ ಅಳೆದು ಮನವಿ ಜೊತೆ ಇಡ್ತಿದ್ದೀವಿ. ಮಲೆನಾಡಿನ ಬೇರೆ ಊರುಗಳ ಸಂಗಾತಿಗಳು ನಿಮ್ಮ ಕಾಲೋನಿಯದ್ದೂ ಅಳೆದು ಕಳಿಸಿ. ಪೈಪು, ನೀರು, ಟೇಪು ಸಾಕು.

ಇನ್ನು ಜಗಲಿ. ದುಡ್ಡು ಸಾಲದಾದಾಗ ತಮ್ಮ ಮೊದಲು ಗೆರೆ ಎಳೆದದ್ದು ಅದರ ಮೇಲೆ. "ಮೂವತ್ತು ಸಾವಿರ ಉಳಿಯುತ್ತೆ" ಅಂದ. ಅವ್ವ ಒಪ್ಪಲಿಲ್ಲ. ಪ್ರತಿ ಶನಿವಾರ ಬಟವಾಡೆಗೆ ಸಾಹುಕಾರರ ಜಗಲಿ ಮುಂದೆ ಅಂಗಳದಲ್ಲಿ ಸಾಲಾಗಿ ನಿಂತವಳು ಅವಳು. ಮಳೆ ಬಂದರೂ ಜಗಲಿ ಹತ್ತುವಂತಿರಲಿಲ್ಲ. ಅದನ್ನೆಲ್ಲ ಅವತ್ತು ಅವಳು ಹೇಳಲಿಲ್ಲ, ನನಗೆ ನೆನಪಾಯ್ತು. ಅವಳು ಹೇಳಿದ್ದು ಇಷ್ಟೇ: "ಟೈಲ್ಸ್ ಬ್ಯಾಡ, ರೆಡ್ ಆಕ್ಸೈಡ್ ಹಾಕ್ಸಿ. ಜಗಲಿ ಇರ್ಲಿ. ಬಂದೋರು ಕೂರ್ಬೇಕಲ್ಲ."

ತಮ್ಮ ಟೈಲ್ಸ್ ಮೇಲೆ ಗೆರೆ ಎಳೆದ.

ದೀಪಾವಳಿ ಕಳೆದ ಮೇಲೆ ಪಾಯ. ಪೂಜೆ ಇಲ್ಲ, ಮೊದಲ ಗುದ್ದಲಿ ಅವ್ವಂದು. ಈ ಕಡೆ ಬಂದರೆ ಜಗಲಿ ಮೇಲೆ ಕೂತು ಕಾಫಿ ಕುಡಿದು ಹೋಗಿ.

ಜೈಭೀಮ್.