ಹಳೆಯ ಯಂತ್ರಕ್ಕೆ ಹೊಂದುವ ತಂತ್ರ

ದುಡಿಯುವ ವಸ್ತುವನ್ನು ಹಳೆಯದಾಯಿತೆಂದು ಬಿಸುಡದಿರುವುದು ರೈತಾಪಿ ಮನೆಗಳ ರೂಢಿ. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ನಮ್ಮ ಮನೆಯಲ್ಲಿ, ಮಗನ ವಿದ್ಯಾಭ್ಯಾಸಕ್ಕೆಂದು 2010ರಲ್ಲಿ ಕೊಂಡ ಲ್ಯಾಪ್‌ಟಾಪ್ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಕಾರ್ಖಾನೆಗೆ ಸಾಗಿಸಿದ ಕಬ್ಬಿನ ತೂಕ, ಆಳುಗಳ ಕೂಲಿಯ ಲೆಕ್ಕ ಅದರಲ್ಲಿವೆ. ಅದಕ್ಕೂ ಮಿಗಿಲಾಗಿ, ಲಿಂಗೈಕ್ಯರಾದ ನಮ್ಮ ತಂದೆಯವರು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಮನೆತನದ ವೃತ್ತಾಂತವೂ ಅದರಲ್ಲಿದೆ. ಆದುದರಿಂದ ಆ ಯಂತ್ರಕ್ಕೆ ಯಾವ ಕಾರ್ಯಾಚರಣಾ ವ್ಯವಸ್ಥೆ ತಕ್ಕುದೆಂಬುದು ನಮಗೆ ಕೇವಲ ಹಣದ ಪ್ರಶ್ನೆಯಾಗಿರಲಿಲ್ಲ.

ಯಂತ್ರದೊಡನೆ ಬಂದದ್ದು ವಿಂಡೋಸ್ 7. ಅದರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಬೆಂಬಲ ನಿಂತರೆ ಯಂತ್ರ ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳನ್ನು ತಯಾರಕರು ಸರಿಪಡಿಸುವುದಿಲ್ಲ. ಅಂತಹ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಗುಳಿಯಿಲ್ಲದ ಕೋಣೆಯಲ್ಲಿ ಒಡವೆಯಿಟ್ಟಂತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಕನಿಷ್ಠ 4 ಜಿಬಿ ಸ್ಮರಣೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಈಚಿನ ಸಂಸ್ಕಾರಕವನ್ನು ಬೇಡುತ್ತದೆ. 2 ಜಿಬಿಯ ನಮ್ಮ ಯಂತ್ರಕ್ಕೆ ಅದು ಎಟುಕದ ಮಾತು.

ಉಳಿದದ್ದು ಲಿನಕ್ಸ್. ಅದರಲ್ಲಿ ‘ಲಿನಕ್ಸ್ ಮಿಂಟ್’ನ ಹಗುರವಾದ ಎಕ್ಸ್‌ಎಫ್‌ಸಿಇ ರೂಪವನ್ನು ಆರಿಸಿದೆವು. ಇದು ಉಚಿತ. 64 ಬಿಟ್‌ನ ಸಂಸ್ಕಾರಕ, ಕನಿಷ್ಠ 2 ಜಿಬಿ ಸ್ಮರಣೆ ಬೇಕು. 4 ಜಿಬಿ ಇದ್ದರೆ ಸಲೀಸು. 2024ರಲ್ಲಿ ಬಂದ 22ನೆಯ ಆವೃತ್ತಿಗೆ 2029ರವರೆಗೆ ರಕ್ಷಣೆ ದೊರೆಯುತ್ತದೆ. ಪೆನ್‌ಡ್ರೈವ್‌ನಿಂದಲೇ ಅದನ್ನು ನಡೆಸಿ, ವೈಫೈ, ಧ್ವನಿ, ಮುದ್ರಣ ಯಂತ್ರಗಳು ಹೊಂದುತ್ತವೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸವೂ ಇರುವುದರಿಂದ ನುಡಿಗೆ ಪಳಗಿದ ಬೆರಳುಗಳಿಗೆ ಅದು ತೀರ ಹೊಸತೆನಿಸದು.

ಆದರೆ ತಂದೆಯವರ ಬರಹದ ಗತಿಯೇನು? ನುಡಿಯ ಹಳೆಯ ಕಡತಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಮೊದಲಾದ ಲಿಪಿಗಳ ಸಂಕೇತಗಳ ಮರೆಯಲ್ಲಿರುತ್ತವೆ. ಆ ಅಕ್ಷರಶೈಲಿ ಇಲ್ಲದೆಡೆ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ತನ್ನದೇ ಸಂಕೇತಗಳಿದ್ದು, ಎಲ್ಲಿ ತೆರೆದರೂ ಅದು ಕನ್ನಡವೇ. ಆದುದರಿಂದ ವ್ಯವಸ್ಥೆಯನ್ನು ಬದಲಿಸುವ ಮುನ್ನವೇ ಇಡೀ ಬರಹವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದೆವು. ಅಲ್ಲಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪಿದ್ದವು. ತಾಯಿಯವರು ಹಿಂದೆ ಅಚ್ಚು ಹಾಕಿಸಿಟ್ಟಿದ್ದ ಪ್ರತಿಯನ್ನು ಗಟ್ಟಿಯಾಗಿ ಓದಿದರು. ನಾವು ತೆರೆಯ ಮೇಲೆ ತಿದ್ದಿದೆವು. ಎರಡು ಬೇರೆ ಬೇರೆ ಕಡೆ ನಕಲು ಇರಿಸಿದ ಮೇಲೆಯೇ ಹೊಸ ವ್ಯವಸ್ಥೆಯನ್ನು ಅಳವಡಿಸಿದ್ದು, ಏಕೆಂದರೆ ಡಿಸ್ಕನ್ನು ಅಳಿಸಿ ಅಳವಡಿಸಿದರೆ ಹಳೆಯದೆಲ್ಲ ಹೋಗುತ್ತದೆ.

ವಿಂಡೋಸ್‌ನಲ್ಲಷ್ಟೇ ನಡೆಯುವ ಲೆಕ್ಕದ ತಂತ್ರಾಂಶ ಅನಿವಾರ್ಯವಾದ ಮನೆಗಳವರು ಹಳೆಯ ವ್ಯವಸ್ಥೆಯನ್ನೇ ಉಳಿಸಿಕೊಂಡು, ಯಂತ್ರವನ್ನು ಅಂತರಜಾಲದಿಂದ ದೂರವಿರಿಸುವುದು ಲೇಸು. ಯಾವುದನ್ನೇ ಆರಿಸಿರಿ, ಯಂತ್ರದ ಶಕ್ತಿಯನ್ನರಿತು ಆರಿಸಿರಿ. ಅದಕ್ಕೂ ಮೊದಲು ಅದರೊಳಗಿನ ಹಿರಿಯರ ಅಕ್ಷರವನ್ನು ಕಾಪಾಡಿಕೊಳ್ಳಿರಿ. ಯಂತ್ರ ಮತ್ತೊಂದು ದೊರೆತೀತು, ಆ ಅಕ್ಷರ ದೊರೆಯದು.