ಮಾವನ ಫೋನಿಗೆ ಕನ್ನಡ ಹಾಕಲು ಹೋಗಿ...

ಮೊನ್ನೆ ಆಫೀಸಿನ ಹುಡುಗನೊಬ್ಬ ಬಂದು "ಸಾರ್, ನನ್ನ ಫೋನ್ ರೂಟ್ ಮಾಡ್ಬೇಕಿತ್ತು, ನಿಮಗೆ ಗೊತ್ತಂತೆ" ಅಂದ. ಗೊತ್ತು, ಅದಕ್ಕೇ ಬೇಡ ಅಂತಿದೀನಿ ಅಂದೆ. ಯಾಕೆ ಅಂತ ಅವನಿಗೆ ಹೇಳಿದ ಕಥೆಯನ್ನೇ ಇಲ್ಲೂ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ :)

ಇದು 2013ರ ಯುಗಾದಿಯ ಮಾತು. ರಜೆಗೆ ಹೂವಿನಹಡಗಲಿಯ ಸೋದರಮಾವನ ಮನೆಗೆ ಹೋಗಿದ್ದೆ. ಮಾವನದು ಮಲ್ಲಿಗೆ ವ್ಯಾಪಾರ. ಬೆಳಗಿನ ಜಾವ ತೋಟದವರಿಗೆ ಫೋನ್ ಮಾಡಿ ಇವತ್ತು ಮೊಗ್ಗು ಎಷ್ಟು ಅಂತ ಕೇಳಬೇಕು. ಆಮೇಲೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಹೂವಿನವರಿಗೆ ಫೋನ್ ಮಾಡಿ ಯಾರಿಗೆ ಎಷ್ಟು ಬೇಕು ಅಂತ ಕೇಳಿ, ಮೊದಲ ಬಸ್ಸುಗಳಿಗೆ ಹೂವು ಹಾಕಬೇಕು. ಮಲ್ಲಿಗೆ ಮೊಗ್ಗು ಯಾರಿಗೂ ಕಾಯಲ್ಲ, ಸಂಜೆಗೆ ಅರಳಿಬಿಡತ್ತೆ. ಹಾಗಾಗಿ ಮಾವನ ಅಂಗಡಿ ಅಂದ್ರೆ ಆ ಫೋನೇ.

ಫೋನು ಆಗ ಎಲ್ಲರ ಕೈಯಲ್ಲೂ ಇದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ, ಆಂಡ್ರಾಯ್ಡ್ 2.3. ಅದರಲ್ಲಿ ಕನ್ನಡ ಅಂದ್ರೆ ಸಾಲಾಗಿ ಖಾಲಿ ಡಬ್ಬಿಗಳು. ಮಗಳು ಎಲ್ಲಾ ನಂಬರುಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ಸೇವ್ ಮಾಡಿಕೊಟ್ಟಿದ್ದಳು. ಮಾವನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಮೇಲಿಂದ ಏಳನೆಯದು ಕೊಟ್ಟೂರು, ಹನ್ನೊಂದನೆಯದು ಹರಪನಹಳ್ಳಿ ಅಂತ ಸಾಲಿನ ಮೇಲೆ ನೆನಪಿಟ್ಟುಕೊಂಡಿದ್ದರು. ಮಧ್ಯೆ ಒಂದು ಹೊಸ ನಂಬರ್ ಸೇರಿದರೆ ಮುಗೀತು, ಕೂಡ್ಲಿಗಿಗೆ ಮಾಡಿದ ಫೋನ್ ಬೇರೆಲ್ಲೋ ಹೋಗ್ತಿತ್ತು.

"ಅಳಿಯಾ, ನೀ ಕಂಪ್ಯೂಟರ್‌ನ್ಯಾಗ ಇರೋನು. ಇದರಾಗ ಹೆಸರು ಕನ್ನಡದಾಗ ಬರೋ ಹಂಗ ಮಾಡಾಕ ಬರ್ತದೇನು?" ಅಂದರು.

"ಅದೇನ್ ಮಹಾ ಮಾವ, ಬೆಳಗಾಗೋದ್ರೊಳಗ ಮಾಡಿಕೊಡ್ತೀನಿ" ಅಂದೆ. ಈ ಮಾತು ಆಡಬಾರದಿತ್ತು....

ಗೊತ್ತಿಲ್ಲದವರಿಗೆ ಎರಡು ಮಾತು. ಆಂಡ್ರಾಯ್ಡ್ ಫೋನನ್ನ ಒಂದು ಮನೆ ಅಂದ್ಕೊಳ್ಳಿ. ಸಿಸ್ಟಮ್ ಅನ್ನೋ ಕೋಣೆಯಲ್ಲಿ ಕಂಪನಿಯವರು ಇಟ್ಟ ಸಾಮಾನು ಇರತ್ತೆ, ಫಾಂಟುಗಳೂ ಅಲ್ಲೇ. ಡೇಟಾ ಅನ್ನೋ ಇನ್ನೊಂದು ಕೋಣೆಯಲ್ಲಿ ನಮ್ಮ ಸಾಮಾನು, ಅಂದ್ರೆ ನಂಬರುಗಳು, ಮೆಸೇಜುಗಳು. ಮೊದಲನೇ ಕೋಣೆಯಲ್ಲಿ ನಾವು ಏನನ್ನೂ ಬದಲಿಸೋ ಹಾಗಿಲ್ಲ. ಆ ಕೋಣೆಯ ಕೀಲಿ ಸಂಪಾದಿಸೋದೇ ರೂಟ್ ಮಾಡೋದು.

ರಾತ್ರಿ ಊಟ ಆದಮೇಲೆ ಕೂತೆ. ಮೆಮೊರಿ ಕಾರ್ಡಿಗೆ ಒಂದು ಜಿಪ್ ಫೈಲ್ ಹಾಕಿ, ವಾಲ್ಯೂಮ್, ಹೋಮ್, ಪವರ್ ಮೂರೂ ಬಟನ್ ಒಟ್ಟಿಗೆ ಒತ್ತಿ ರಿಕವರಿಗೆ ಹೋಗಿ ಆ ಫೈಲನ್ನ ಆರಿಸಿದೆ. ಹತ್ತು ನಿಮಿಷದಲ್ಲಿ ರೂಟ್ ಆಯ್ತು. ಫಾಂಟ್ಸ್ ಫೋಲ್ಡರಿಗೆ ಹೋಗಿ ಡ್ರಾಯ್ಡ್ ಸ್ಯಾನ್ಸ್ ಫಾಲ್‌ಬ್ಯಾಕ್ ಫೈಲನ್ನ ತೆಗೆದು, ಕನ್ನಡ ಅಕ್ಷರಗಳಿರೋ ಫೈಲನ್ನ ಅದೇ ಹೆಸರಲ್ಲಿ ಇಟ್ಟೆ. ಖುಷಿಯಲ್ಲಿ ರೀಬೂಟ್ ಒತ್ತಿದೆ. ಕಂಪನಿಯ ಲೋಗೋ ಬಂತು. ಮತ್ತೆ ಲೋಗೋ ಬಂತು. ಹನ್ನೊಂದೂವರೆ ಆದ್ರೂ ಲೋಗೋನೇ ಬರ್ತಿತ್ತು.

ಹೊಸ ಫೈಲಿಗೆ ಪರ್ಮಿಷನ್ ಸರಿ ಮಾಡೋದನ್ನ ಮರೆತಿದ್ದೆ. ಅದನ್ನ 644 ಅಂತ ಮಾಡಬೇಕು, ಅಂದ್ರೆ ಒಡೆಯ ಮಾತ್ರ ತಿದ್ದಬಹುದು, ಉಳಿದವರೆಲ್ಲ ಓದಬಹುದು. ಅದಿಲ್ಲದೇ ಫೋನು ತನ್ನ ಫಾಂಟನ್ನ ತಾನೇ ಓದಲಾಗದೇ ಅರ್ಧಕ್ಕೆ ಬಿದ್ದು ಮತ್ತೆ ಶುರುವಾಗ್ತಿತ್ತು. ಆದ್ರೆ ಇದು ನನಗೆ ಹೊಳೆದಿದ್ದು ಮರುದಿನ. ಆ ರಾತ್ರಿ ಗಾಬರಿಯಲ್ಲಿ ಮತ್ತೆ ರಿಕವರಿಗೆ ಹೋದೆ. ಅಲ್ಲಿ 'ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್' ಅಂತಿತ್ತು. ಒತ್ತಿಬಿಟ್ಟೆ.

ಮತ್ತೆ ಲೋಗೋ.

ಆಗ ಎದೆ ಧಸಕ್ ಅಂತು. ತೊಂದರೆ ಇದ್ದಿದ್ದು ಸಿಸ್ಟಮ್ ಕೋಣೆಯಲ್ಲಿ. ನಾನು ಗುಡಿಸಿ ಹಾಕಿದ್ದು ಡೇಟಾ ಕೋಣೆಯನ್ನ. ಫ್ಯಾಕ್ಟರಿ ರೀಸೆಟ್ ಅಂದ್ರೆ ಕಾರ್ಖಾನೆಯಿಂದ ಬಂದ ಹಾಗೆ ಎಲ್ಲಾ ಸರಿಯಾಗತ್ತೆ ಅಂತ ಹೆಸರು ನೋಡಿ ನಂಬಿದ್ದೆ. ಅದು ಸಿಸ್ಟಮ್ಮನ್ನ ಮುಟ್ಟೋದೇ ಇಲ್ಲ! ಫೋನ್ ಸರಿಯಾಗಲಿಲ್ಲ, ನಂಬರುಗಳು ಮಾತ್ರ ಹೋದವು. ಗೂಗಲ್ ಅಕೌಂಟಿಗೂ ಸೇರಿಸಿರಲಿಲ್ಲ.

ನಾಲ್ಕೂವರೆಗೆ ಮಾವ ಎದ್ದರು. ಹೇಳಿದೆ. ಬೈತಾರೆ ಅಂತ ತಲೆ ತಗ್ಗಿಸಿ ನಿಂತಿದ್ದೆ, ಬೈಯಲಿಲ್ಲ. ಸಿಮ್ ತೆಗೆದು ಹಳೇ ಬಟನ್ ಫೋನಿಗೆ ಹಾಕಿದರು. ಸಿಮ್ಮಿನಲ್ಲಿ ಇದ್ದಿದ್ದು ಆರೇಳು ಹಳೇ ನಂಬರು ಅಷ್ಟೇ. ಲೆಕ್ಕದ ಪುಸ್ತಕದಲ್ಲಿ ಹೆಸರಿತ್ತು, ಬಾಕಿ ಇತ್ತು, ನಂಬರ್ ಇರಲಿಲ್ಲ. ಮಾವ ಟಾರ್ಚ್ ಹಿಡಕೊಂಡು ಸೈಕಲ್ ಹತ್ತಿ ತೋಟಗಳ ಕಡೆ ಹೊರಟರು. ಆ ದಿನ ಎಷ್ಟೋ ತೋಟದವರು ಫೋನ್ ಬರಲಿಲ್ಲ ಅಂತ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಅತ್ತೆ ಚಹಾ ಕೊಡುವಾಗ "ನಿದ್ದಿಗೆಟ್ಟು ಮಾಡೀದಿ, ಇರ್ಲಿ ಬಿಡು" ಅಂದರು. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತು.

ಫೋನ್ ಸರಿಮಾಡಿದ್ದು ಒಂದು ಸೈಬರ್ ಸೆಂಟರಿನಲ್ಲಿ. ಕಂಪನಿಯ ಮೂಲ ಫರ್ಮ್‌ವೇರ್ ಇಳಿಸಿಕೊಳ್ಳೋಕೇ ಅರ್ಧ ದಿನ. ಮೊದಲು ಕಂಪ್ಯೂಟರ್ ಫೋನನ್ನ ಗುರುತಿಸಲಿಲ್ಲ. ಡ್ರೈವರ್ ಹಾಕಿ, ಕೇಬಲ್ ಬದಲಿಸಿದ ಮೇಲೆ ಗುರುತಿಸ್ತು. ಓಡಿನ್ ಅನ್ನೋ ತಂತ್ರಾಂಶದಿಂದ ಸಿಸ್ಟಮ್ಮನ್ನ ಹೊಸದಾಗಿ ಬರೆದೆ. ಮಧ್ಯೆ ಕರೆಂಟ್ ಹೋದ್ರೆ ಫೋನ್ ಇಟ್ಟಿಗೆಯೇ, ಯುಪಿಎಸ್ ಇದ್ದಿದ್ದು ಪುಣ್ಯ. ಫೋನ್ ಎದ್ದು ಕೂತಿತು, ಒಳಗೆ ಖಾಲಿ ಖಾಲಿ.

ಮರುದಿನ ಮಾವನ ಬೈಕು ತಗೊಂಡು, ಒಂದು ನೋಟ್‌ಬುಕ್ ಹಿಡಿದು ನಾನೇ ಹೊರಟೆ. ಹಗರಿಬೊಮ್ಮನಹಳ್ಳಿಯಲ್ಲಿ ಹೂವಿನವನೊಬ್ಬ ಮಾವನ ನಂಬರನ್ನ ತನ್ನ ಗೂಡಂಗಡಿಯ ಹಲಗೆ ಮೇಲೆ ಇದ್ದಿಲಲ್ಲಿ ಬರೆದಿದ್ದ. ಅದಕ್ಕೆ ಫ್ಯಾಕ್ಟರಿ ರೀಸೆಟ್ ಇಲ್ಲ ನೋಡಿ :) ಕೂಡ್ಲಿಗಿಯಲ್ಲಿ ಇಬ್ಬರು ಸಿಕ್ಕರು. ಕೊಟ್ಟೂರಿನಲ್ಲಿ ಬಸವೇಶ್ವರನ ಗುಡಿ ಹತ್ತಿರ ಹೂ ಕಟ್ಟೋ ಅಜ್ಜಿ "ನಂಬರ್ ಗಿಂಬರ್ ನನಗ ಗೊತ್ತಿಲ್ಲಪಾ, ತಗೋ ನೀನ ನೋಡು" ಅಂತ ಫೋನನ್ನೇ ಕೈಗೆ ಕೊಟ್ಟಳು. ಹರಪನಹಳ್ಳಿಗೆ ಬರೋ ಹೊತ್ತಿಗೆ ಸಂಜೆ. ಅಲ್ಲಿ ಮಾವನಿಗೆ ಬಾಕಿ ಕೊಡಬೇಕಾದವನೊಬ್ಬ ಅಂಗಡಿ ಬಿಟ್ಟು ಹೋಗಿದ್ದ, ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ನಂಬರ್ ಸಿಗಲೇ ಇಲ್ಲ, ದುಡ್ಡೂ ಸಿಗಲಿಲ್ಲ.

ರಾತ್ರಿ ಮಾವನನ್ನ ಕೇಳಿದೆ, ಇನ್ನೊಂದ್ಸಲ ಪ್ರಯತ್ನ ಮಾಡ್ಲಾ ಬೇಡ್ವಾ ಅಂತ. "ಮಾಡು. ಈಗ ಕಳಕೊಳ್ಳಾಕ ಏನೈತಿ, ಎಲ್ಲಾ ಬುಕ್ಕಿನ್ಯಾಗ ಐತಿ" ಅಂದರು. ಮತ್ತೆ ರೂಟ್ ಮಾಡಿ, ಹಳೇ ಫಾಂಟನ್ನ ಕಾರ್ಡಿಗೆ ಕಾಪಿ ಮಾಡಿಟ್ಟು, ಪರ್ಮಿಷನ್ ಎರಡೆರಡು ಸಲ ನೋಡಿ ರೀಬೂಟ್ ಮಾಡಿದೆ. ಕನ್ನಡ ಬಂತು!

ಬಂತು, ಆದ್ರೆ ಹೇಗೆ? ಮಲ್ಲಿಗೆ ಅನ್ನೋದು ಮಲ್‌ಲಿಗೆ ಆಗಿತ್ತು. ಒತ್ತಕ್ಷರ ಒಂದೂ ಕೆಳಗೆ ಇಳಿದಿರಲಿಲ್ಲ, ಗುಡಿಸು, ಎತ್ವಗಳೂ ಪಕ್ಕದಲ್ಲಿ ಬಿಡಿಬಿಡಿ. ಮಾವನ ಐದೂರುಗಳ ಹೆಸರು ಹಾಕಿ ನೋಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲದರಲ್ಲೂ ಒತ್ತಕ್ಷರ! ಒತ್ತಿಲ್ಲದ್ದು ಹಡಗಲಿ ಒಂದೇ. "ನಮ್ಮೂರು ಒಂದು ಓದಾಕ ಬರ್ತತಿ ನೋಡು" ಅಂತ ಮಾವ ನಕ್ಕರು. ಎರಡು ದಿನದ ನಂತರ ಅವರು ನಕ್ಕಿದ್ದು ಅದೇ ಮೊದಲು.

ಕಾರಣ ಆಮೇಲೆ ತಿಳೀತು. ಫಾಂಟ್ ಅಂದ್ರೆ ಅಕ್ಷರಗಳ ಆಕಾರ ಮತ್ತು ಅವನ್ನ ಜೋಡಿಸೋ ನಿಯಮ. ಆ ನಿಯಮ ಓದಿ ಒತ್ತನ್ನ ಕೆಳಗೆ ಕೂರಿಸೋಕೆ ಬೇರೆಯೇ ಒಂದು ತಂತ್ರಾಂಶ ಬೇಕು. ಆ ಫೋನಿನಲ್ಲಿ ಅದು ಕನ್ನಡಕ್ಕೆ ಕೆಲಸ ಮಾಡ್ತಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ಕೊಟ್ಟಿದ್ದರು, ಮಾವನ ಫೋನಿಗೆ ಅದು ಬರಲಿಲ್ಲ. ಇನ್ನೂ ತಮಾಷೆ ಅಂದ್ರೆ ಒಪೆರಾ ಮಿನಿಯಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಕನ್ನಡ ಪುಟಗಳು ಚಿತ್ರದ ರೂಪದಲ್ಲಿ ಚೆನ್ನಾಗೇ ಕಾಣ್ತಿದ್ದವು, ಅದಕ್ಕೆ ರೂಟ್ ಬೇಕೇ ಇರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಬರಹಗಳನ್ನ ನಾನು ಹಾಗೇ ಓದಿದ್ದು. ಆದ್ರೆ ಹೆಸರಿನ ಪಟ್ಟಿಗೆ ಅದು ಉಪಯೋಗ ಇಲ್ಲವಲ್ಲ.

ಮಾವ ಆ ಒಡಕು ಕನ್ನಡವನ್ನೇ ಎರಡು ವರ್ಷ ಓದಿದರು. ಮಕ್ಕಳು ಅಕ್ಷರ ಬಿಡಿಸಿ ಓದೋ ಹಾಗೆ "ಕೊಟ್... ಟೂ... ರು" ಅಂತ. ಲೆಕ್ಕ ಹಿಡಿದು ಏಳನೆಯದು ಅನ್ನೋದಕ್ಕಿಂತ ಇದು ವಾಸಿ ಅಂತಿದ್ದರು.

ಈಗಿನ ಫೋನಿನಲ್ಲಿ ಕನ್ನಡ ಚೆನ್ನಾಗೇ ಬರತ್ತೆ, ಅದಕ್ಕಾಗಿ ರೂಟ್ ಮಾಡೋ ಅಗತ್ಯವೇ ಇಲ್ಲ. ಬೇರೆ ಯಾವುದಕ್ಕೋ ಮಾಡ್ತೀನಿ ಅನ್ನೋರಿಗೆ ಮೂರೇ ಮಾತು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೇ ಸಾಮಾನ್ಯವಾಗಿ ಡೇಟಾ ಎಲ್ಲಾ ಅಳಿಸಿಹೋಗತ್ತೆ, ಮೊದಲು ಬ್ಯಾಕಪ್ ತಗೊಳ್ಳಿ. ರೂಟ್ ಆದ ಫೋನಿನಲ್ಲಿ ಹಲವು ಬ್ಯಾಂಕ್, ಯುಪಿಐ ಆಪ್‌ಗಳು ಕೆಲಸ ಮಾಡಲ್ಲ. ಲೋಗೋದಲ್ಲಿ ನಿಂತರೆ ಗಾಬರಿಯಲ್ಲಿ ಏನನ್ನೂ ಒತ್ತಬೇಡಿ, ಕೆಟ್ಟಿರೋದು ಯಾವ ಕೋಣೆ ಅಂತ ಮೊದಲು ನೋಡಿ. ಮುಖ್ಯವಾಗಿ, ಫೋನ್ ನಿಮ್ಮದೇ ಆಗಿರಲಿ.

ಹೋದ ವರ್ಷ ಮಾವನ ಮನೆಗೆ ಹೋದಾಗ ಆ ನೋಟ್‌ಬುಕ್ ಮೊಳೆಗೆ ನೇತಾಡ್ತಿತ್ತು. ಹೊಸ ನಂಬರುಗಳೂ ಸೇರಿದ್ದವು, ದುಂಡು ಅಕ್ಷರದಲ್ಲಿ, ಒತ್ತೆಲ್ಲಾ ಸರಿಯಾಗಿ ಕೆಳಗೆ. ಹರಪನಹಳ್ಳಿ ಪುಟದಲ್ಲಿ ಆ ಒಬ್ಬನ ಹೆಸರಿನ ಮುಂದೆ ಜಾಗ ಇನ್ನೂ ಖಾಲಿ ಬಿಟ್ಟಿದ್ದರು.